ಇಳಿಯಲು ದುಡ್ಡೇಕೆ

ವಾಲ್ಪರೈಸೊ ಊರಿನ ಗುಡ್ಡಕ್ಕೆ ಒರಗಿದ ಹಳಿಯ ಮೇಲೆ
ಎರಡು ಮರದ ಡಬ್ಬಿ, ಒಂದೇ ಉಕ್ಕಿನ ಹಗ್ಗ.
ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕು.
ಮೇಲಿನ ಗೇಟಿನಲ್ಲಿ ನಾನು, ಚಿಲ್ಲರೆ ಎಣಿಸುವವನು,
ಇಪ್ಪತ್ತಾರು ವರ್ಷದಿಂದ.

ಏರಲು ಎಪ್ಪತ್ತು ಸೆಕೆಂಡು.
ಅಷ್ಟರಲ್ಲಿ ಒಂದು ವಾಕ್ಯ ಬರೆಯಬಹುದು.
ಕೆಟ್ಟದಾದರೆ ಎರಡು.

ಹೆಸರಾಂತ ಕಥೆಗಾರರ ಬುದ್ಧಿಮಾತು
ಭಾನುವಾರದ ಪತ್ರಿಕೆಯಲ್ಲಿ ಬರುತ್ತಿತ್ತು.
ನನ್ನ ಕೈಗೆ ಸಿಗುತ್ತಿದ್ದುದು ಮಂಗಳವಾರ,
ನಿಬಾಲ್ದೊ ತರುವ ಮೀನಿಗೆ ಸುತ್ತಿಕೊಂಡು.
ಕತ್ತರಿಸಿ, ಹೀಟರಿನ ಮೇಲೆ ಒಣಗಿಸಿ,
ಟಿಕೆಟ್ ಕಿಂಡಿಯ ಒಳಗೋಡೆಗೆ ಅಂಟಿಸಿದೆ.
ಗೋಡೆ ತುಂಬ ದೊಡ್ಡವರು,
ಎಲ್ಲರ ಮೈಗೂ ಒಂದೇ ವಾಸನೆ.

ಒಬ್ಬ ಹೇಳಿದ್ದ: ನಿನ್ನ ಪಾತ್ರದ ಹಲ್ಲುಗಳನ್ನೂ ಎಣಿಸಿಟ್ಟುಕೊಂಡಿರು.
ಅವನ ಪಕ್ಕದಾಕೆ: ಏನೂ ತಿಳಿಯದೆ ಅವಳ ಹಿಂದೆ ನಡೆ.
ರಾತ್ರಿ ಕಿಂಡಿ ಮುಚ್ಚಿದ ಮೇಲೆ
ಇವರಿಬ್ಬರೂ ಜಗಳವಾಡುತ್ತಿದ್ದರೆಂದು ನನ್ನ ಅನುಮಾನ.
ಮೂರನೆಯವನು ಮೂಗಿನವರೆಗೆ ಮಾತ್ರ ಉಳಿದಿದ್ದ,
ಕತ್ತರಿ ತಪ್ಪಿ ಬಾಯಿ ಹೋಗಿತ್ತು.
"ನೋವಿಲ್ಲದ ಕಥೆ ಉಪ್ಪಿಲ್ಲದ"
ಅಲ್ಲಿಗೆ ಎಣ್ಣೆ ಹರಡಿ ಅಕ್ಷರ ಕರಗಿದ್ದವು.
ಮುಂದಿನದನ್ನು ನಾನೇ ತುಂಬಿಕೊಂಡೆ.
ಸಿಕ್ಕಿದ್ದಕ್ಕೆಲ್ಲ ಉಪ್ಪು ಹಾಕತೊಡಗಿದೆ.

ನನ್ನ ಕಥೆ ಗುರುವಾರ ಬರುತ್ತಿತ್ತು:
ದೊಗಳೆ ಹಸಿರು ಕೋಟು, ಕೈಯಲ್ಲಿ ಬಟ್ಟೆ ಮುಚ್ಚಿದ ಪಂಜರ.
ನೂರು ಪೆಸೊ ಎಣಿಸಿಟ್ಟು
ಸಮುದ್ರಕ್ಕೆ ಬೆನ್ನು ಹಾಕಿ ಓಣಿಯಲ್ಲಿ ಕರಗುವಳು.
ಹನ್ನೊಂದು ವರ್ಷ ಏರಿದ್ದನ್ನು ಕಂಡಿದ್ದೇನೆ,
ಇಳಿದದ್ದನ್ನು ಒಮ್ಮೆಯೂ ಇಲ್ಲ.
ಲೆಕ್ಕದ ಪ್ರಕಾರ ಗುಡ್ಡದ ನೆತ್ತಿಯಲ್ಲಿ
ಐನೂರಕ್ಕೂ ಮಿಕ್ಕಿ ಹಸಿರು ಕೋಟುಗಳಿರಬೇಕು.

ಬರೆದೆ.
ಅವಳ ಗಂಡನನ್ನು ಹಡಗಿನ ಸಮೇತ ಮುಳುಗಿಸಿದೆ,
ಸಾಲದೆನಿಸಿ ಮಗನನ್ನೂ.
ಪಂಜರದೊಳಗೆ ಶೂನ್ಯವನ್ನು ಕೂರಿಸಿ ಬಾಗಿಲು ಹಾಕಿದೆ.
ಒಂದು ಸಂಜೆ ಅವಳಿಗೆ ಕ್ಷಯ ತರಿಸಿ,
ಮನೆಗೆ ಹೋಗಿ ಊಟ ಸೇರದೆ,
ಮರುದಿನ ಬಂದು ವಾಸಿ ಮಾಡಿದೆ.
ನಲವತ್ತು ಪುಟವಾಯಿತು.
ಬಾಯಿಲ್ಲದವನು ಮೆಚ್ಚಿದಂತೆ ಕಂಡ.

ಜೂನಿನ ಚಳಿ, ಕರೆಂಟು ಹೋಯಿತು.
ಡಬ್ಬಿ ಮೇಲೆ ಬಂದು ನಿಂತಿತ್ತು, ಗೇಟು ತೆರೆಯದು.
ಒಳಗೆ ಅವಳೊಬ್ಬಳೇ.
ನಡುವೆ ಕಬ್ಬಿಣದ ಸರಳು, ನಾನು, ನನ್ನ ಮೇಣದಬತ್ತಿ.
ತಡೆಯಲಾಗಲಿಲ್ಲ:
"ಅಮ್ಮಾ, ನೀವು ಇಳಿಯುವುದೇ ಇಲ್ಲವೇ?"

"ಇಳಿಯೋದಕ್ಕೆ ಯಾರಾದರೂ ದುಡ್ಡು ಕೊಡುತ್ತಾರಾ?
ಮೆಟ್ಟಿಲಿಲ್ಲವೇ ಆ ಕಡೆ?
ನನಗೆ ಏದುಸಿರು ಬರುವುದು ಏರುವಾಗ ಮಾತ್ರ."

"ಮತ್ತೆ ನಿಮ್ಮ ಯಜಮಾನರು?"
"ಮನೆಯಲ್ಲಿದ್ದಾರೆ. ಹಾಳಾದ ರೇಡಿಯೊ ಬಿಚ್ಚಿಕೊಂಡು. ಯಾಕೆ?"

ಯಾಕೂ ಇಲ್ಲ ಎಂದೆ.
ಕತ್ತಲಲ್ಲೇ ಅವನನ್ನು ನೀರಿನಿಂದ ಮೇಲೆತ್ತಿ,
ಒದ್ದೆ ಬಟ್ಟೆ ಹಿಂಡಿ, ರೇಡಿಯೊ ಮುಂದೆ ಕೂರಿಸಿದೆ.
ಮಗ ಇದ್ದನೋ ಇಲ್ಲವೋ, ಕೇಳಲು ಧೈರ್ಯ ಬರಲಿಲ್ಲ.

ಪಂಜರದ ಬಗ್ಗೆ ಬಾಯಿ ತೆರೆದೆ.
ಅಷ್ಟರಲ್ಲಿ ದೀಪ ಬಂತು, ಗೇಟು ಗರಗರ ಎಂದಿತು.
ಎದೆಲ್ಮೀರಾ, ಹೆಸರು ಆ ದಿನವೇ ತಿಳಿದದ್ದು,
ನೂರು ಪೆಸೊ ಕಟ್ಟೆಯ ಮೇಲಿಟ್ಟು ಪಂಜರ ಎತ್ತಿದಳು.
ಬಟ್ಟೆಯ ಒಳಗೆ ಏನೋ ಒಮ್ಮೆ ಮಗ್ಗುಲು ಬದಲಿಸಿತು,
ಹಕ್ಕಿಗಿಂತ ಭಾರದ್ದು.

ಆ ರಾತ್ರಿ ನಲವತ್ತು ಪುಟ ಹರಿದು
ಹೀಟರಿನ ಕೆಳಗೆ ತುರುಕಿದೆ.
ಉಳಿಸಿಕೊಂಡದ್ದು ಒಂದೇ ಸಾಲು:
ಒಬ್ಬಳು ಏರುವುದಕ್ಕೆ ಮಾತ್ರ ದುಡ್ಡು ಕೊಡುತ್ತಿದ್ದಳು.
ಎಪ್ಪತ್ತು ಸೆಕೆಂಡೂ ಹಿಡಿಯಲಿಲ್ಲ.
ಇದು ಕಥೆಯ ಮೊದಲೋ, ನನ್ನ ಗಲ್ಲಾದ ಲೆಕ್ಕವೋ,
ಗೋಡೆಯನ್ನು ಕೇಳಿದೆ.
ಅವರು ಅವರ ಜಗಳದಲ್ಲಿದ್ದರು.

ಮಂಗಳವಾರ ನಿಬಾಲ್ದೊ ಬಂದ.
ಕಾಗದ ಬಿಡಿಸಿ ಅಂಗೈಯಲ್ಲಿ ತೀಡಿದೆ.
ಈ ಸಲ ಬುದ್ಧಿಮಾತಿಲ್ಲ,
ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ.
ಅದನ್ನೂ ಅಂಟಿಸಿದೆ.